ಆರಿಕ್ಕಾಡಿ ಕೋಟೆಯ ಗೋಡೆ, ಅಜ್ಜನ ಜೀಪು: ಎಷ್ಟು ಸರಿಮಾಡಬೇಕು, ಎಷ್ಟು ಹಾಗೇ ಬಿಡಬೇಕು?

ಪುತ್ತಿಗೆಯ ಮೊಮ್ಮಗ | ಭಾನುವಾರ ಸಂಜೆ 6:10

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಪುತ್ತಿಗೆಯವನು ನಾನು. ಎರಡು ವಿಷಯ ಒಟ್ಟಿಗೆ ಕೇಳಬೇಕು.

ನಮ್ಮ ಹಳೆ ಮನೆಯ ಕೊಟ್ಟಿಗೆ ಹಿಂದೆ ಅಜ್ಜನ ಜೀಪು ನಿಂತಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿಗೆ ಬಂದ ಗಾಡಿ, ಇನ್ನೊಬ್ಬರ ಕೈಯಿಂದ ಅಜ್ಜ ತಗೊಂಡದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಅಡಿಕೆ ಗೋಣಿ ಹೇರಿಕೊಂಡು ಮಂಗಳೂರಿಗೆ ಹೋಗುತ್ತಿದ್ದದ್ದು ಇದರಲ್ಲೇ. ಚಿಕ್ಕಮ್ಮನ ಮದುವೆ ದಿಬ್ಬಣ ಹೋದದ್ದೂ ಇದರಲ್ಲೇ. ಸ್ಟಾರ್ಟ್ ಆಗದೆ ಈಗ 20 ವರ್ಷ ದಾಟಿದೆ. ಕಾಲಿಡುವ ಜಾಗದ ತಗಡು ಕೈ ಹಾಕಿದರೆ ಪುಡಿಯಾಗುತ್ತದೆ. ಗುಜರಿಯವರು ಎರಡು ಸಲ ಬಂದು ಹೋದರು. ಅಪ್ಪ ಕೊಟ್ಟುಬಿಡೋಣ ಅಂದರು. ಮಳೆಗಾಲ ಕಳೆಯುವವರೆಗೆ ಬೇಡ ಅಂತ ನಾನು ತಡೆದಿದ್ದೇನೆ.

ಇನ್ನೊಂದು ಆರಿಕ್ಕಾಡಿ ಕೋಟೆ. ಸಣ್ಣವನಿದ್ದಾಗ ಅಜ್ಜ ಅಲ್ಲಿನ ಆಂಜನೇಯನ ಗುಡಿಗೆ ಕರೆದುಕೊಂಡು ಹೋಗುತ್ತಿದ್ದರು. ಮೊನ್ನೆ ಹೋದಾಗ ಬಹಳ ಬೇಜಾರಾಯಿತು. ಗೋಡೆಯ ಸಂದಿನಲ್ಲಿ ಗೋಳಿ, ಅಂದರೆ ಆಲದ ಬೇರು ಇಳಿದಿದೆ. ಮುರಕಲ್ಲು (ಜಂಬಿಟ್ಟಿಗೆ) ಉದುರಿ ಬುಡದಲ್ಲಿ ಕೆಂಪು ಪುಡಿಯಾಗಿ ಬಿದ್ದಿದೆ. ಪಕ್ಕದ ಹೆದ್ದಾರಿಯಲ್ಲಿ ಗಾಡಿಗಳು ಓಡುತ್ತಲೇ ಇರುತ್ತವೆ, ನಿಲ್ಲಿಸಿ ನೋಡುವವರು ಇಲ್ಲ. ನಾವು ನಾಲ್ಕು ಜನ ಗೆಳೆಯರು ಸೇರಿ ಗಿಡ ಕಿತ್ತು, ಬಿರುಕಿಗೆ ಸಿಮೆಂಟು ತುಂಬಿಸೋಣ ಅಂತ ಮಾತಾಡಿಕೊಂಡಿದ್ದೇವೆ. ಸರಿಯಾ? ಗೊತ್ತಿದ್ದವರು ಹೇಳಿ.

ಮುರಕಲ್ಲು ಮೇಸ್ತ್ರಿ | ಭಾನುವಾರ ಸಂಜೆ 6:32

ಸಿಮೆಂಟು ಮುಟ್ಟಿಸಬೇಡಿ. ಗಿಡವನ್ನೂ ಎಳೆಯಬೇಡಿ. ಊಟ ಆದ ಮೇಲೆ ಸರಿಯಾಗಿ ಬರೆಯುತ್ತೇನೆ.

ಲೋ ಬಾನೆಟ್ ಮುಳ್ಳೇರಿಯ | ಭಾನುವಾರ ರಾತ್ರಿ 7:45

ತಮ್ಮಾ, ಗುಜರಿಗೆ ಮಾತ್ರ ಕೊಡಬೇಡ. ಮೊದಲು ಅದು ಯಾವ ಜೀಪು ಅಂತ ನೋಡೋಣ.

ಟಾರ್ಚ್ ಹಿಡಿದುಕೊಂಡು ಗಾಡಿಯ ಮುಂದೆ ಕೂತುಕೋ. ರೇಡಿಯೇಟರಿನ ಕೆಳಗೆ ಚಾಸಿಯ ಎರಡು ಉದ್ದ ಕಂಬಿಗಳನ್ನು ಸೇರಿಸುವ ಅಡ್ಡ ಪಟ್ಟಿ ಇದೆ. ಅದು ದುಂಡಗೆ ಪೈಪಿನ ಹಾಗಿದ್ದರೆ ವಿಲ್ಲಿಸ್ ಕಂಪನಿಯ ಎಂಬಿ. ಬೋರಲು ಹಾಕಿದ ದೋಣಿಯ ಹಾಗಿದ್ದರೆ ಫೋರ್ಡ್ ಕಂಪನಿಯ ಜಿಪಿಡಬ್ಲ್ಯು. ಯುದ್ಧದ ಕಾಲದಲ್ಲಿ ಈ ಇಬ್ಬರೂ ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದ್ದರು. ಡಿಸೈನ್ ಒಂದೇ, ಬಿಡಿಭಾಗ ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ. ಆದರೂ ಫೋರ್ಡಿನವರು ತಮ್ಮ ಬೋಲ್ಟುಗಳ ತಲೆ ಮೇಲೆ ಎಫ್ ಅಕ್ಷರ ಒತ್ತುತ್ತಿದ್ದರು. ತಂತಿ ಬ್ರಷ್ಷಿನಲ್ಲಿ ಉಜ್ಜಿ ನೋಡು.

ಬಾನೆಟ್ಟಿನ ಎತ್ತರವೂ ಹೇಳು. ಯುದ್ಧದ ಜೀಪಿನ ಬಾನೆಟ್ಟು ತಗ್ಗು. ಆಮೇಲೆ ಬಂದ ಹರಿಕೇನ್ ಎಂಜಿನ್ ಎತ್ತರವಾಗಿತ್ತು. ಅದು ಒಳಗೆ ಹಿಡಿಸಬೇಕಲ್ಲ, ಅದಕ್ಕೇ ಸಿಜೆ 3ಬಿ ಅನ್ನುವ ಮಾಡೆಲ್ ಜೀಪಿನ ಬಾನೆಟ್ಟು ಮೇಲೆದ್ದದ್ದು. ನಮ್ಮಲ್ಲಿ ಮಹೀಂದ್ರದವರು ವರ್ಷಗಟ್ಟಲೆ ಮಾಡಿದ್ದು ಆ ಎತ್ತರದ ಬಾನೆಟ್ಟಿನದ್ದೇ.

ಮತ್ತೊಂದು. ಸದ್ಯಕ್ಕೆ ಅದನ್ನು ತಳ್ಳಿ, ಎಳೆದು ಸ್ಟಾರ್ಟ್ ಮಾಡುವುದಕ್ಕೆ ಹೋಗಬೇಡಿ. ಪಿಸ್ಟನ್ ಹಿಡಿದಿದ್ದರೆ ಒಳಗೆ ಏನಾದರೂ ಮುರಿಯುತ್ತದೆ.

ಮುರಕಲ್ಲು ಮೇಸ್ತ್ರಿ | ಭಾನುವಾರ ರಾತ್ರಿ 9:50

ಬದಿಯಡ್ಕದಲ್ಲಿ ನಮ್ಮದು ಮೂರು ತಲೆಮಾರಿನ ಕಲ್ಲು ಕಟ್ಟುವ ಕೆಲಸ. ಅಪ್ಪ ಸುಣ್ಣದ ಗಾರೆ ಕಲಿಸಿದ ಬಾಬ್ತು ನನಗೆ ಸ್ವಲ್ಪ ಗೊತ್ತು. ನಿಧಾನಕ್ಕೆ ಓದಿ.

ಮುರಕಲ್ಲು ಅಂದರೆ ಉಸಿರಾಡುವ ಕಲ್ಲು. ಕಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಕೊಡಲಿಯಲ್ಲಿ ಕೆತ್ತಬಹುದು. ಗಾಳಿಗೆ ಬಿಟ್ಟ ಹಾಗೆ ಗಟ್ಟಿಯಾಗುತ್ತದೆ. ಅದರ ಮೈ ತುಂಬ ತೂತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಗೋಡೆ ನೀರು ಕುಡಿದೇ ಕುಡಿಯುತ್ತದೆ, ತಡೆಯಲು ಆಗುವುದಿಲ್ಲ. ಕುಡಿದ ನೀರು ಹೊರಗೆ ಹೋಗಲು ದಾರಿ ಬೇಕು. ಹಳಬರು ಆ ದಾರಿಯನ್ನು ಗಾರೆಯಲ್ಲಿ ಬಿಟ್ಟಿದ್ದರು. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ. ನೀರು ಅದರ ಮೂಲಕ ಹೊರಟು ಹೋಗುತ್ತದೆ. ಹೋಗುವಾಗ ಉಪ್ಪನ್ನೂ ಕರೆದುಕೊಂಡು ಹೋಗುತ್ತದೆ. ಗಾರೆ ಕೆಡುತ್ತದೆ, ಕಲ್ಲು ಉಳಿಯುತ್ತದೆ. ಕೆಟ್ಟ ಗಾರೆ ಕೆರೆದು ಹೊಸತು ತುಂಬಿದರೆ ಆಯಿತು.

ಸಂದಿಗೆ ಸಿಮೆಂಟು ಹಾಕಿದರೆ ಇದು ತಿರುಗಿ ಬೀಳುತ್ತದೆ. ಸಿಮೆಂಟು ಕಲ್ಲಿಗಿಂತ ಗಟ್ಟಿ, ನೀರು ಬಿಡುವುದಿಲ್ಲ. ಒಳಗಿನ ನೀರು ಕಲ್ಲಿನ ಮೂಲಕವೇ ಹೊರಗೆ ಬರಬೇಕು. ಕಡಲ ಗಾಳಿಯ ಉಪ್ಪು ಕಲ್ಲಿನ ತೂತಿನೊಳಗೆ ಹರಳುಗಟ್ಟುತ್ತದೆ. ಹರಳು ಬೆಳೆದ ಹಾಗೆ ಕಲ್ಲು ಒಳಗಿನಿಂದಲೇ ಒಡೆಯುತ್ತದೆ. ಕೆಲವು ವರ್ಷ ಬಿಟ್ಟು ನೋಡಿದರೆ ಕಲ್ಲು ಸವೆದು ಗುಳಿ ಬಿದ್ದಿರುತ್ತದೆ, ಸಿಮೆಂಟಿನ ಗೆರೆ ಮಾತ್ರ ಜೇಡನ ಬಲೆಯ ಹಾಗೆ ಮುಂದಕ್ಕೆ ನಿಂತಿರುತ್ತದೆ. ನಮ್ಮ ತರವಾಡು ಮನೆಯ ಬಾವಿಕಟ್ಟೆಗೆ ನಾನೇ ಹುಡುಗನಿದ್ದಾಗ ಹೀಗೆ ಮಾಡಿದ್ದೆ. ಅಪ್ಪ ಬೈಯಲಿಲ್ಲ. ಹತ್ತು ಮಳೆಗಾಲ ಕಳೆದ ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಅದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಗಿಡದ ವಿಷಯ. ಗೋಳಿ, ಅಶ್ವತ್ಥ ಎಳೆದರೆ ಬೇರು ಹಿಡಿದುಕೊಂಡ ಕಲ್ಲೂ ಬರುತ್ತದೆ. ದೊಡ್ಡ ಬೇರಾದರೆ ಎಷ್ಟೋ ಸಲ ಅದೇ ಗೋಡೆಯನ್ನು ಹಿಡಿದು ನಿಲ್ಲಿಸಿರುತ್ತದೆ. ಮೇಲಿನದ್ದನ್ನು ಕಡಿದು, ಬುಡ ಒಣಗಲು ಬಿಟ್ಟು, ಬೇರು ಸತ್ತ ಮೇಲೆ ಆ ಜಾಗಕ್ಕೆ ಗಾರೆ, ಕಲ್ಲು ತುಂಬುತ್ತಾ ಬರಬೇಕು. ಒಂದೆರಡು ವರ್ಷದ ಕೆಲಸ. ಇದಕ್ಕೆ ಅನುಮತಿಯೂ ಬೇಕು. ಬೇಕಲದಂಥ ಕೇಂದ್ರ ಸರಕಾರದ ರಕ್ಷಿತ ಸ್ಮಾರಕಕ್ಕೆ ಧಕ್ಕೆ ಆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಒಳ್ಳೆಯ ಮನಸ್ಸಿನಿಂದ ಮಾಡಿದೆವು ಅಂದರೆ ಕಾನೂನು ಕೇಳುವುದಿಲ್ಲ.

ನೀವು ನಾಲ್ಕು ಜನ ನಾಳೆಯೇ ಮಾಡಬಹುದಾದ ಕೆಲಸ ಒಂದಿದೆ. ಮಳೆ ಬರುವಾಗ ಹೋಗಿ ನಿಂತು ನೋಡಿ. ನೀರು ಗೋಡೆಯ ತಲೆ ಮೇಲೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಳಿಯುತ್ತದೆ, ಬುಡದಲ್ಲಿ ಎಲ್ಲಿ ಮಡುಗಟ್ಟುತ್ತದೆ. ಅದನ್ನು ಬರೆದಿಡಿ. ಯಾವ ಗೋಡೆಗೂ ಮೊದಲ ಔಷಧಿ ನೀರಿಗೆ ದಾರಿ ಮಾಡಿಕೊಡುವುದು. ಗಾರೆ ಎಲ್ಲ ಆಮೇಲೆ.

ಪುತ್ತಿಗೆಯ ಮೊಮ್ಮಗ | ಭಾನುವಾರ ರಾತ್ರಿ 10:15

ಮೇಸ್ತ್ರಿಯಣ್ಣಾ, ದೊಡ್ಡ ಉಪಕಾರವಾಯಿತು. ಮುಂದಿನ ವಾರ ಎರಡು ಚೀಲ ಸಿಮೆಂಟು ತರುವುದು ಅಂತ ಆಗಿತ್ತು. ಬೇಡ ಅಂತ ಈಗಲೇ ಗೆಳೆಯರಿಗೆ ಫೋನ್ ಮಾಡಿದೆ. ಒಂದು ಸಂಶಯ. ಆ ಸುಣ್ಣ ಈಗ ಎಲ್ಲಿ ಸಿಗುತ್ತದೆ?

ಮುರಕಲ್ಲು ಮೇಸ್ತ್ರಿ | ಭಾನುವಾರ ರಾತ್ರಿ 10:31

ಚಿಪ್ಪು ಸುಟ್ಟ ಸುಣ್ಣವೇ ನಮ್ಮ ಕಡೆಯದ್ದು. ಹೊಳೆ ಕಡಲು ಸೇರುವಲ್ಲಿ ಮರುವಾಯಿ ತೆಗೆಯುವವರು ಇದ್ದಾರಲ್ಲ, ಆ ಚಿಪ್ಪು. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಕುದಿಸಿ, ಬೆಣ್ಣೆಯ ಹಾಗಾಗುವ ತನಕ ತಿಂಗಳುಗಟ್ಟಲೆ ಮುಚ್ಚಿಡಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯ್ಗೆ, ಅಂದರೆ ಮರಳು. ಹೊಳೆಯ ಹೊಯ್ಗೆ, ಕಡಲಿನದ್ದಲ್ಲ. ತೇವ ಜಾಸ್ತಿ ಇರುವಲ್ಲಿ ಸುಟ್ಟ ಇಟ್ಟಿಗೆ ಪುಡಿ ಸೇರಿಸುತ್ತಾರೆ. ಬೆಲ್ಲದ ನೀರು, ಅಣಲೆಕಾಯಿ ನೀರು ಸೇರಿಸುವ ಕ್ರಮವೂ ಇತ್ತು. ಸುಣ್ಣ ಕುದಿಸುವಾಗ ಕಣ್ಣು ಜಾಗ್ರತೆ. ಹಾರಿದರೆ ಕಣ್ಣು ಹೋಗುತ್ತದೆ. ಮತ್ತೆ ಈ ಕೆಲಸವನ್ನು ಮಳೆಗಾಲದಲ್ಲಿ ಮಾಡುವಂತಿಲ್ಲ. ಸುಣ್ಣ ಗಾಳಿಯನ್ನು ಎಳೆದುಕೊಂಡು ನಿಧಾನಕ್ಕೆ ಕಲ್ಲಾಗುತ್ತದೆ, ಅವಸರ ಮಾಡಿದರೆ ಆಗುವುದಿಲ್ಲ.

ವೈಜಾಗಿನ ಮಂಜೇಶ್ವರದವಳು | ಸೋಮವಾರ ಬೆಳಿಗ್ಗೆ 8:20

ಮೇಸ್ತ್ರಿಯಣ್ಣ ಬರೆದದ್ದನ್ನು ಪ್ರಿಂಟ್ ತೆಗೆದು ನಮ್ಮ ಆಫೀಸಿನಲ್ಲಿ ಅಂಟಿಸಬೇಕು ಅನ್ನಿಸಿತು. ನಾನು ಹುಟ್ಟಿದ್ದು ಮಂಜೇಶ್ವರ, ಈಗ ವಿಶಾಖಪಟ್ಟಣದಲ್ಲಿ ಕಾಂಕ್ರೀಟ್ ದುರಸ್ತಿ ಕೆಲಸದಲ್ಲಿದ್ದೇನೆ. ಇಲ್ಲಿನ ಒಂದು ಕಥೆ ಹೇಳಬೇಕು.

1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣಕ್ಕೂ ಕಾಕಿನಾಡಕ್ಕೂ ಬಾಂಬು ಹಾಕಿದವು. ಅದರ ಹಿಂದಿನ ದಿನವೇ ಕೊಲಂಬೊ. ಅದಕ್ಕೆ ಎರಡು ವಾರ ಮೊದಲು ಅಂಡಮಾನ್ ಜಪಾನಿನ ಕೈಗೆ ಹೋಗಿತ್ತು. ಕಡಲ ಕಡೆಯಿಂದ ಸೈನ್ಯ ಬಂದು ಇಳಿಯಬಹುದು ಅನ್ನುವ ಭಯ ಇತ್ತು. ಆ ಯುದ್ಧಕಾಲದ ಪಿಲ್‌ಬಾಕ್ಸ್‌ಗಳು ಇಲ್ಲಿನ ಕಡಲ ತೀರದಲ್ಲಿ ಇವೆ. ಪಿಲ್‌ಬಾಕ್ಸ್ ಅಂದರೆ ದಪ್ಪ ಕಾಂಕ್ರೀಟಿನ ಸಣ್ಣ ಗೂಡು. ಬಂದೂಕು ಇಡಲು ಕಿಂಡಿ, ಒಳಗೆ ನಾಲ್ಕೈದು ಜನ ನಿಲ್ಲುವಷ್ಟು ಜಾಗ. ಬೆಳಿಗ್ಗೆ ವಾಕಿಂಗ್ ಹೋದಾಗ ನೋಡುತ್ತೇನೆ. ಜನ ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ, ಮಕ್ಕಳು ಹತ್ತಿ ಹಾರುತ್ತಾರೆ. ಅದು ಏನು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನರಿಗೆ ಗೊತ್ತಿಲ್ಲ.

ಕೆಡುವ ರೀತಿ ಮುರಕಲ್ಲಿಗಿಂತ ಬೇರೆ, ಆದರೆ ಶತ್ರು ಅದೇ ಉಪ್ಪು. ಕಾಂಕ್ರೀಟಿನೊಳಗೆ ಕಬ್ಬಿಣದ ಕಂಬಿ ಇರುತ್ತದೆ. ಹೊಸ ಕಾಂಕ್ರೀಟಿನ ಕ್ಷಾರ ಆ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಕಡಲ ಉಪ್ಪು ವರ್ಷಗಟ್ಟಲೆ ಒಳಗೆ ಇಳಿದು ಕಂಬಿಯ ಹತ್ತಿರ ಮುಟ್ಟಿದ ದಿನ ಆ ಕಾವಲು ಮುರಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಎರಡು ಪಟ್ಟಿಗಿಂತಲೂ ಜಾಸ್ತಿ ಜಾಗ ಕೇಳುತ್ತದೆ. ಒಳಗಿನಿಂದ ಒತ್ತಿ ಒತ್ತಿ ಮೇಲಿನ ಕಾಂಕ್ರೀಟನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ.

ಎಲ್ಲರೂ ಮಾಡುವುದು ತೇಪೆ. ಒಡೆದ ಕಡೆ ಕೆರೆದು ಹೊಸ ಸಿಮೆಂಟು ಬಳಿಯುವುದು. ಎರಡು ವರ್ಷದಲ್ಲಿ ತೇಪೆಯ ಸುತ್ತಲೂ ಹೊಸ ಬಿರುಕು ಬರುತ್ತದೆ. ಕಾರಣ ಇದೆ. ತೇಪೆಯೊಳಗಿನ ಕಂಬಿಗೆ ಈಗ ರಕ್ಷಣೆ ಸಿಕ್ಕಿತು, ಪಕ್ಕದ ಹಳೆ ಕಾಂಕ್ರೀಟಿನಲ್ಲಿ ಉಪ್ಪು ಹಾಗೇ ಇದೆ. ಒಂದೇ ಕಂಬಿಯ ಎರಡು ತುಂಡು ಬ್ಯಾಟರಿಯ ಎರಡು ತುದಿಯ ಹಾಗೆ ಕೆಲಸ ಮಾಡುತ್ತವೆ. ಪಕ್ಕದ ತುಂಡು ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಅದನ್ನು ತಡೆಯಲು ತೇಪೆಯ ಅಂಚಿನಲ್ಲಿ ಸತುವಿನ ತುಂಡು ಕಟ್ಟುತ್ತಾರೆ. ಕಂಬಿಯ ಬದಲು ಸತು ತಾನು ಕರಗುತ್ತದೆ.

ನನ್ನ ಅನುಭವದಲ್ಲಿ ಇಂಥ ಕಟ್ಟಡ ಬೀಳುವುದು ಕಾಂಕ್ರೀಟ್ ಒಡೆದು ಅಲ್ಲ. ಬುಡದ ಹೊಯ್ಗೆ ಹೋಗಿ. ಅಲೆ ಗಟ್ಟಿ ಗೋಡೆಗೆ ಹೊಡೆದು ತಿರುಗುವಾಗ ಬುಡವನ್ನೇ ಕೊರೆಯುತ್ತದೆ. ಗೂಡು ವಾಲುತ್ತದೆ, ಆಮೇಲೆ ಮಗುಚುತ್ತದೆ.

ಶಿರಿಯ ಕಡಲ ಬದಿಯವ | ಸೋಮವಾರ ಮಧ್ಯಾಹ್ನ 1:05

ನಾನು ಒಂದು ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಮನೆ ಕಡಲು ತಿಂದಿತು. ತೆಂಗಿನ ಮರ ಒಂದೊಂದಾಗಿ ಹೋಯಿತು, ಆಮೇಲೆ ಅಂಗಳ, ಆಮೇಲೆ ಅಡುಗೆ ಕೋಣೆ. ಒಂದು ಕಡೆ ದೊಡ್ಡ ಕಲ್ಲು ತಂದು ಹಾಕಿದರು. ಕಲ್ಲು ಹಾಕಿದಲ್ಲಿ ನಿಂತಿತು, ಕಲ್ಲು ಮುಗಿದ ಕಡೆ ಡಬಲ್ ಕೊರೆಯಿತು. ನಮ್ಮದು ಕಲ್ಲು ಮುಗಿದ ಕಡೆ. ಇರುವ ಮನೆ ಉಳಿಸಲು ಆಗದ ಊರಿನಲ್ಲಿ ಹಳೆ ಯುದ್ಧದ ಗೋಡೆ ಉಳಿಸುವ ಮಾತು ಕೇಳುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಪೊವ್ವಲ್ ಟೀಚರ್ | ಸೋಮವಾರ ಮಧ್ಯಾಹ್ನ 2:40

ಮಗಾ, ನಿನ್ನ ಮಾತು ಸರಿ ಇದೆ. ಮನೆ ಹೋದವರ ಎದುರು ಕೋಟೆಯ ಮಾತು ಆಡುವಾಗ ನಾಲಿಗೆ ತಡೆಯಬೇಕು. ನಿನ್ನ ದೊಡ್ಡಪ್ಪನವರಿಗೆ ಈಗ ಇರಲು ಜಾಗ ಇದೆಯಾ? ಅದನ್ನು ಮೊದಲು ಹೇಳು.

ಶಿರಿಯ ಕಡಲ ಬದಿಯವ | ಸೋಮವಾರ ಮಧ್ಯಾಹ್ನ 3:00

ಇದೆ ಟೀಚರ್. ಅತ್ತೆ ಮನೆಯಲ್ಲಿದ್ದಾರೆ. ಕೇಳಿದ್ದಕ್ಕೆ ಸಂತೋಷ.

ವೈಜಾಗಿನ ಮಂಜೇಶ್ವರದವಳು | ಸೋಮವಾರ ಸಂಜೆ 7:15

ತಮ್ಮಾ, ಕಲ್ಲು ಮುಗಿದ ಕಡೆ ಡಬಲ್ ಕೊರೆಯಿತು ಅಂತ ನೀನು ಬರೆದೆಯಲ್ಲ, ಕಡಲ ಎಂಜಿನಿಯರುಗಳು ಪುಸ್ತಕದಲ್ಲಿ ಓದಿ ಕಲಿಯುವುದು ಅದನ್ನೇ. ನೀನು ಅಂಗಳದಲ್ಲಿ ನಿಂತು ಕಲಿತಿದ್ದೀಯ. ಅದಕ್ಕೇ ನಿನ್ನಂಥವರು ಈ ಕೆಲಸದಲ್ಲಿ ಬೇಕು.

ಹೊಯ್ಗೆ ಸರಿಯುತ್ತದೆ, ಮರ ಹೋಗುತ್ತದೆ, ಮನೆ ಹೋಗುತ್ತದೆ. ಕಡಲು ಎಷ್ಟು ಒಳಗೆ ಬಂತು ಅಂತ ತೋರಿಸಲು ಅಲುಗದ ಗುರುತು ಒಂದು ಬೇಕು. ಹಳೆ ಕೋಟೆಯ ಮೂಲೆ, ಹಳೆ ಪಿಲ್‌ಬಾಕ್ಸ್, ಹಳೆ ದೀಪಸ್ತಂಭ, ಇವೇ ಆ ಗುರುತು. ಆ ಮೂಲೆಯಿಂದ ನೀರಿನ ಅಂಚಿಗೆ ಎಷ್ಟು ಮೀಟರ್ ಅಂತ ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಇಳಿತದ ಹೊತ್ತಿನಲ್ಲಿ ಅಳೆದು ಬರೆದಿಟ್ಟರೆ ಹತ್ತು ವರ್ಷದಲ್ಲಿ ಕೈಯಲ್ಲಿ ಲೆಕ್ಕ ಇರುತ್ತದೆ. ಕಲ್ಲು ಎಲ್ಲಿ ಹಾಕಬೇಕು ಅಂತ ಕೇಳಲು ಹೋದಾಗ ಆ ಲೆಕ್ಕ ಮೇಜಿನ ಮೇಲೆ ಇಡಬಹುದು. ಹಳೆ ಗೋಡೆಯೂ ನಿನ್ನ ದೊಡ್ಡಪ್ಪನ ಅಂಗಳವೂ ಒಂದೇ ಕಡಲಿನ ಎದುರು ನಿಂತಿವೆ.

ಶಿರಿಯ ಕಡಲ ಬದಿಯವ | ಸೋಮವಾರ ರಾತ್ರಿ 8:02

ಹೀಗೆ ನಾನು ಯೋಚಿಸಿರಲಿಲ್ಲ ಅಕ್ಕಾ. ಇಳಿತದ ಹೊತ್ತು ನೋಡಿ ಹೇಳುವುದು ನನಗೆ ಬಿಡಿ.

ಪೊವ್ವಲ್ ಟೀಚರ್ | ಮಂಗಳವಾರ ಬೆಳಿಗ್ಗೆ 10:30

ನಾನು 30 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಮಾಡಿದವಳು. ಕೋಟೆಯ ವಿಷಯ ಬಂದರೆ ಸುಮ್ನೆ ಇರಲು ಆಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಬೇಕಲ, ಚಂದ್ರಗಿರಿ, ಹೊಸದುರ್ಗ, ಆರಿಕ್ಕಾಡಿ, ಪೊವ್ವಲ್ ಅಂತ ಇಷ್ಟು ಕೋಟೆ ಇರುವುದು ಕೆಳದಿ ಇಕ್ಕೇರಿ ನಾಯಕರಿಂದ. ಮಲೆನಾಡಿನಿಂದ ಇಳಿದು ಬಂದು, ಹೊಳೆ ಕಡಲು ಸೇರುವ ಬಾಯಿಗಳನ್ನು ಕಾಯಲು ಕಟ್ಟಿದರು. ಬೇಕಲ ಎಲ್ಲಕ್ಕಿಂತ ದೊಡ್ಡದು, ಸುಮಾರು 40 ಎಕರೆ. ಶಿವಪ್ಪ ನಾಯಕನ ಕಾಲದ್ದು, 1650ರ ಆಸುಪಾಸು. ಗೋಡೆಯ ಕಿಂಡಿಗಳನ್ನು ಸರಿಯಾಗಿ ನೋಡಿದ್ದೀರಾ? ಮೇಲಿನ ಕಿಂಡಿ ದೂರದ ಶತ್ರುವಿಗೆ, ನಡುವಿನದ್ದು ಹತ್ತಿರ ಬಂದವರಿಗೆ, ಕೆಳಗಿನದ್ದು ಗೋಡೆಯ ಬುಡಕ್ಕೆ ಬಂದವರಿಗೆ. ವೈಜಾಗಿನ ತಂಗಿ ಹೇಳಿದ ಪಿಲ್‌ಬಾಕ್ಸಿನ ಕಿಂಡಿಯೂ ಅದೇ ಯೋಚನೆಯದ್ದು. ನಡುವೆ 300 ವರ್ಷ ಕಳೆದರೂ ಕಡಲ ಕಡೆ ಕಣ್ಣಿಟ್ಟು ಕಾಯುವವನಿಗೆ ಬೇಕಾದ್ದು ಅದೇ ಒಂದು ಕಿಂಡಿ.

1763ರಲ್ಲಿ ಹೈದರಾಲಿ ಆ ನಾಯಕರ ರಾಜಧಾನಿ ಬಿದನೂರು ಗೆದ್ದ. ಅಲ್ಲಿಂದ ಈ ಕೋಟೆಗಳೂ ಮೈಸೂರಿನ ಕೈಗೆ ಬಂದವು. ಬೇಕಲದ ನಡುವಿನ ಎತ್ತರದ ವೀಕ್ಷಣಾ ಗೋಪುರ ಟಿಪ್ಪುವಿನ ಕಾಲದ್ದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರಕಾರ. ಈಗ ಹೇಳಿ, ಬೇಕಲವನ್ನು ಮೊದಲಿನ ಹಾಗೆ ಮಾಡುವುದು ಅಂದರೆ ಯಾವ ಮೊದಲು? ಶಿವಪ್ಪ ನಾಯಕನ ಕಾಲಕ್ಕೆ ಒಯ್ಯಬೇಕಾದರೆ ಟಿಪ್ಪುವಿನ ಗೋಪುರ ಕೆಡವಬೇಕು. ಯಾರಾದರೂ ಒಪ್ಪುತ್ತಾರಾ? ನಾನಂತೂ ಒಪ್ಪುವುದಿಲ್ಲ. ಒಂದರ ಮೇಲೆ ಒಂದು ಕೂತ ಕಾಲಗಳೆಲ್ಲ ಸೇರಿದರೆ ಬೇಕಲ.

ಕಾನೂನಿನ ಒಂದು ವಿಷಯವನ್ನೂ ಹೇಳುತ್ತೇನೆ. 1958ರ ಕೇಂದ್ರ ಕಾಯಿದೆಯಲ್ಲಿ ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳಲು 100 ವರ್ಷ ಆಗಿರಬೇಕು. ಹಾಗೆ ಘೋಷಿಸಿದ ಸ್ಮಾರಕಕ್ಕೆ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ. 1942ರ ಪಿಲ್‌ಬಾಕ್ಸಿಗೆ 100 ತುಂಬುವುದು 2042ರಲ್ಲಿ. ಅಲ್ಲಿಯವರೆಗೆ ಅದನ್ನು ಕಾಯಲು ಊರಿನವರೇ ಬೇಕು, ಅಲ್ವಾ?

ಕೊನೆಗೆ ಒಂದು ಆಸೆ. ಈ ಕೋಟೆಗಳ ಫಲಕಗಳಲ್ಲಿ ಕನ್ನಡವೂ ಇರಬೇಕು. ಕಟ್ಟಿಸಿದವರ ಭಾಷೆ ಅದು. ಇಲ್ಲಿನ ಮಕ್ಕಳು ಓದುವ ಭಾಷೆಯೂ ಅದು. ಮಲಯಾಳದ ಜೊತೆಗೆ ಇರಲಿ, ಅದರ ಬದಲಿಗೆ ಅಂತ ನಾನು ಕೇಳುತ್ತಿಲ್ಲ.

ಪುತ್ತಿಗೆಯ ಮೊಮ್ಮಗ | ಮಂಗಳವಾರ ರಾತ್ರಿ 9:10

ಲೋ ಬಾನೆಟ್ ಅಣ್ಣಾ, ನೋಡಿದೆ! ಅಡ್ಡ ಪಟ್ಟಿ ಬೋರಲು ದೋಣಿಯ ಹಾಗೇ ಇದೆ. ಸ್ಪ್ರಿಂಗ್ ಹತ್ತಿರದ ಎರಡು ಬೋಲ್ಟಿನಲ್ಲಿ ಎಫ್ ಅಕ್ಷರ ಸಿಕ್ಕಿತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಸುಮಾರು ಹೊತ್ತು ಅಲ್ಲೇ ಕೂತಿದ್ದರು. ಗುಜರಿ ಮಾತು ಮತ್ತೆ ಎತ್ತಲಿಲ್ಲ.

ಆದರೆ ಬಾನೆಟ್ಟು ಎತ್ತರದ್ದು. ಎಂಜಿನ್ ಆಮೇಲೆ ಬದಲಾಯಿಸಿದ್ದು ಅಂತ ಅಪ್ಪ ಈಗ ನೆನಪು ಮಾಡಿಕೊಂಡರು. ಹಿಂದಿನ ಬಾಡಿಯೂ ಕಾಸರಗೋಡಿನಲ್ಲಿ ಕಟ್ಟಿಸಿದ್ದಂತೆ, ಗೋಣಿ ಜಾಸ್ತಿ ಹಿಡಿಸಲಿ ಅಂತ. ಬಣ್ಣ ಕೆರೆದರೆ ಮೇಲೆ ನೀಲಿ, ಅದರ ಕೆಳಗೆ ಕೆಂಪು, ಎಲ್ಲಕ್ಕಿಂತ ಕೆಳಗೆ ಮಿಲಿಟರಿ ಹಸಿರು. ಹಸಿರು ಕಂಡಾಗ ಮೈ ಜುಂ ಅಂದಿತು. ಈಗ ಏನು ಮಾಡಲಿ? ಎಲ್ಲ ತೆಗೆದು 1943ರಲ್ಲಿ ಇದ್ದ ಹಾಗೆ ಮಾಡುವುದಾ?

ಜೋಂಗಾ ನೆಲ್ಲಿಕುಂಜೆ | ಮಂಗಳವಾರ ರಾತ್ರಿ 9:25

ಹಸಿರು ಹೊಡೆಸುವ ಮೊದಲು ನಿಲ್ಲಿ. ಮಿಲಿಟರಿ ಹಸಿರು ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಮೀಸಲು, ಕೇಂದ್ರ ಮೋಟಾರು ವಾಹನ ನಿಯಮ 121ರಲ್ಲಿ ಸ್ಪಷ್ಟವಾಗಿದೆ. ನನ್ನ ಹತ್ತಿರ ಸೈನ್ಯದ ಹರಾಜಿನಿಂದ ಬಂದ ಜೋಂಗಾ ಅನ್ನುವ ಜೀಪಿನಂಥ ಗಾಡಿ ಇದೆ. ಜಬಲ್ಪುರದಲ್ಲಿ ಮಾಡಿದ್ದು, ಆ ಹೆಸರೇ ಜಬಲ್ಪುರದ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿಯ ಮೊದಲ ಅಕ್ಷರಗಳು. ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ರಸ್ತೆಗೆ ಇಳಿಸುವ ಮೊದಲು ನಾನೂ ಬಣ್ಣ ಬದಲಾಯಿಸಿದೆ. ಒಳಗಿನ ಡ್ಯಾಶ್ ಬೋರ್ಡಿನ ಪಟ್ಟಿ, ಅಕ್ಷರ ಮಾತ್ರ ಹಾಗೇ ಉಳಿಸಿದ್ದೇನೆ.

ಲೋ ಬಾನೆಟ್ ಮುಳ್ಳೇರಿಯ | ಮಂಗಳವಾರ ರಾತ್ರಿ 11:05

ಫೋರ್ಡ್ ಚಾಸಿ! ತಮ್ಮಾ, ನನಗೆ ನಿದ್ದೆ ಬರುವುದಿಲ್ಲ ಇವತ್ತು.

ಕಾಗದದ ವಿಷಯ ಮೊದಲು. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ ವಿಎ ಅಕ್ಷರದ ನಂಬರು ಸಿಗುತ್ತದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, 10 ವರ್ಷಕ್ಕೆ ಇರುತ್ತದೆ. ಆಮೇಲೆ ನವೀಕರಣಕ್ಕೆ 5,000. ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಅಷ್ಟಕ್ಕೆ ಮಾತ್ರ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು, ದೊಡ್ಡ ಬದಲಾವಣೆ ಇರಬಾರದು. ನಿನ್ನದು ಚಾಸಿ ಫೋರ್ಡ್, ಎಂಜಿನ್ ಹರಿಕೇನ್, ಬಾಡಿ ಕಾಸರಗೋಡು. ಆ ನಿಯಮದಲ್ಲಿ ಕೂರುವುದು ಕಷ್ಟ. ಹಳೆ ಆರ್‌ಸಿ ಪುಸ್ತಕ ಎಲ್ಲಿದ್ದರೂ ಹುಡುಕು. ಅದು ಇಲ್ಲದೆ ಯಾವ ದಾರಿಯೂ ತೆರೆಯುವುದಿಲ್ಲ.

ಮೂಲದ ಎಂಜಿನ್ ಅಂದರೆ ಗೋ ಡೆವಿಲ್, 2.2 ಲೀಟರ್, 60 ಅಶ್ವಶಕ್ತಿ, 6 ವೋಲ್ಟಿನ ವೈರಿಂಗು. ಹುಡುಕಿದರೆ ಸಿಗಬಹುದು. 15 ವರ್ಷದ ಹಿಂದೆ ನೀನು ನನ್ನನ್ನು ಕೇಳಿದ್ದರೆ ಹುಡುಕಿ ಹಾಕು ಅನ್ನುತ್ತಿದ್ದೆ. ಆಗ ನಾನು ಒಂದು ಜೀಪನ್ನು ಹಾಗೆ ಮಾಡಿದ್ದೆ. ಒಂದೊಂದು ಬೋಲ್ಟೂ ಹೊಸದು, ಶೋರೂಮಿನಿಂದ ಬಂದ ಹಾಗೆ. ಗಾಡಿಯ ಹಳೆ ಯಜಮಾನರು ನೋಡಲು ಬಂದರು. ಸುತ್ತ ಒಂದು ಸುತ್ತು ಹಾಕಿದರು. ಇದು ನಮ್ಮದಾ ಅಂತ ಕೇಳಿದರು. ಅವರ ಮಗ ಕಲ್ಲಿನಿಂದ ಗೀಚಿದ ಹೆಸರು ಬಾಗಿಲ ಹತ್ತಿರ ಇತ್ತು, ಅದನ್ನು ನಾನೇ ಉಜ್ಜಿ ತೆಗೆದಿದ್ದೆ. ಅವರು ಏನೂ ಅನ್ನಲಿಲ್ಲ. ಆದರೆ ಆ ಬೆರಳು ಬಾಗಿಲ ಬದಿಯಲ್ಲಿ ಹುಡುಕುತ್ತಿದ್ದದ್ದು ನನಗೆ ಮರೆಯುವುದಿಲ್ಲ.

ಟೀಚರ್ ಬೇಕಲದ ಬಗ್ಗೆ ಹೇಳಿದ್ದು ಜೀಪಿಗೂ ಹೊಂದುತ್ತದೆ. ಫೋರ್ಡ್ ಚಾಸಿ ಶಿವಪ್ಪ ನಾಯಕನ ಗೋಡೆ ಅಂತ ಇಟ್ಟುಕೋ. ಹರಿಕೇನ್ ಎಂಜಿನ್, ಅಡಿಕೆ ಗೋಣಿಯ ಬಾಡಿ ಟಿಪ್ಪುವಿನ ಗೋಪುರ. ನಿನ್ನ ಅಜ್ಜ ಓಡಿಸಿದ್ದು ಆ ಜೀಪನ್ನು. ತುಕ್ಕು ನಿಲ್ಲಿಸು, ಓಡುವ ಹಾಗೆ ಮಾಡು, ಉಳಿದದ್ದು ಬಿಡು. ಇದು ನನ್ನ ಅಭಿಪ್ರಾಯ.

ಕೆಲಸ ಶುರು ಮಾಡುವುದು ಹೀಗೆ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಸ್ವಲ್ಪ ಹಾಕಿ ಒಂದು ವಾರ ಬಿಡು. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಮೆಲ್ಲ ಅಲುಗಿಸು. ಬಲ ಹಾಕಬೇಡ. ಅಲುಗದಿದ್ದರೆ ಇನ್ನೊಂದು ವಾರ. ಸಣ್ಣ ಭಾಗಗಳ ತುಕ್ಕು ತೆಗೆಯಲು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್ ಸಾಕು. ಮೈನಸ್ ವೈರ್ ನಿನ್ನ ಭಾಗಕ್ಕೆ, ಪ್ಲಸ್ ವೈರ್ ಬೇಡದ ಕಬ್ಬಿಣದ ತುಂಡಿಗೆ. ಆ ತುಂಡು ಸ್ಟೀಲ್ ಪಾತ್ರೆಯದ್ದು ಆಗಬಾರದು, ವಿಷದ ನೀರಾಗುತ್ತದೆ. ಹೊರಗೆ ಗಾಳಿ ಇರುವಲ್ಲಿ ಮಾಡು, ಬೆಂಕಿ ಹಿಡಿಯುವ ಗ್ಯಾಸ್ ಬರುತ್ತದೆ.

ಬ್ರೇಕ್ ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡ, ಏರ್ ಹೊಡೆಯಲೂ ಬೇಡ. ಹಳೆ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸು, ಮಾಸ್ಕ್ ಹಾಕು. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒದ್ದೆ ಮಾಡದೆ ಉಜ್ಜಬೇಡ. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇದೆ. 20 ವರ್ಷ ಖಾಲಿ ಇದ್ದರೂ ಅದರ ಹತ್ತಿರ ವೆಲ್ಡಿಂಗ್ ಮಾಡಬೇಡ. ನಮ್ಮ ಕಸುಬಿನಲ್ಲಿ ಹಾಗೆ ಹೋದವರನ್ನು ನಾನು ಕಂಡಿದ್ದೇನೆ.

ಪುತ್ತಿಗೆಯ ಮೊಮ್ಮಗ | ಬುಧವಾರ ಬೆಳಿಗ್ಗೆ 7:30

ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಗೋಣಿ ಬಾಡಿ ಹಾಗೇ ಇರಲಿ ಅಂದರು. ನೀಲಿ ಬಣ್ಣವೇ ಇರಲಿ, ಅಜ್ಜ ಕೊನೆಗೆ ಹೊಡೆಸಿದ್ದು ಅದು. ಬಾಗಿಲ ಹತ್ತಿರ ಒಂದು ಅಂಗೈ ಅಗಲ ಕೆರೆದು ಮೂರು ಬಣ್ಣವೂ ಕಾಣುವ ಹಾಗೆ ಬಿಡುತ್ತೇನೆ. ಆರ್‌ಸಿ ಪುಸ್ತಕಕ್ಕೆ ಅಜ್ಜನ ಮರದ ಪೆಟ್ಟಿಗೆ ಇವತ್ತು ತೆಗೆಯುತ್ತೇವೆ. ಬೀಗದ ಕೈ ಅಜ್ಜಿಯ ಹತ್ತಿರ ಇದೆ.

ವೈಜಾಗಿನ ಮಂಜೇಶ್ವರದವಳು | ಬುಧವಾರ ಮಧ್ಯಾಹ್ನ 1:50

ಕೋಟೆಯ ಕಡೆಗೆ ಒಂದು ಸಲಹೆ. ಬ್ರಿಟನ್ನಿನಲ್ಲಿ 1995ರಿಂದ ಕೆಲವು ವರ್ಷ ಊರೂರಿನ ಸ್ವಯಂಸೇವಕರು ಸೇರಿ ಯುದ್ಧಕಾಲದ ಕಟ್ಟಡಗಳನ್ನು ಪಟ್ಟಿ ಮಾಡಿದರು. ಸುಮಾರು 600 ಜನ, ಹತ್ತಿರ ಹತ್ತಿರ 20,000 ಜಾಗ. ಅವರಲ್ಲಿ ತುಂಬಾ ಜನ ಕಸುಬಿನವರಲ್ಲ, ಸುತ್ತಮುತ್ತ ಬದುಕುವ ಸಾಧಾರಣ ಜನ. ಯಾವುದು ಎಲ್ಲಿದೆ, ಹೇಗಿದೆ ಅಂತ ಗೊತ್ತಾದ ಮೇಲೆಯೇ ಯಾವುದನ್ನು ಉಳಿಸಬೇಕು ಅನ್ನುವ ಮಾತು ಬರುತ್ತದೆ.

ನಾವೂ ಹಾಗೇ ಶುರು ಮಾಡೋಣ. ಗೋಡೆಯ ಪ್ರತಿ ಹತ್ತು ಅಡಿಗೆ ಒಂದು ಫೋಟೋ, ಪಕ್ಕದಲ್ಲಿ ಅಳತೆ ಪಟ್ಟಿ ಕಾಣುವ ಹಾಗೆ. ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ಅದೇ ಫೋಟೋ. ಬಿರುಕಿನ ಎರಡು ಕಡೆಯ ಅಂತರ ಅಳೆದು ತಾರೀಕಿನ ಜೊತೆ ಪುಸ್ತಕದಲ್ಲಿ. ಗೋಡೆಯ ಮೇಲೆ ಚಾಕ್, ಪೇಂಟ್ ಯಾವುದೂ ಬೇಡ. ಹೊಸ ಗುಂಡಿ ಕಂಡರೆ ಅದರದ್ದೂ ಫೋಟೋ. ನಿಧಿ ಇದೆ ಅಂತ ಅಗೆಯುವವರು ಗೋಡೆಯ ಬುಡಕ್ಕೇ ಕೈ ಹಾಕುತ್ತಾರೆ.

ಪೊವ್ವಲ್ ಟೀಚರ್ | ಬುಧವಾರ ಸಂಜೆ 5:15

ಪುಸ್ತಕ ಬರೆಯುವ ಕೆಲಸ ನನಗೆ ಕೊಡಿ. ಕೈ ಬರಹ ಇನ್ನೂ ನೆಟ್ಟಗಿದೆ. ಅನುಮತಿಯ ಅರ್ಜಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದುಕೊಂಡು ಬರುತ್ತೇನೆ. ಗುಡಿಯವರಿಗೂ ಮೊದಲೇ ಹೇಳಿರಬೇಕು, ದಿನಾ ಅಲ್ಲಿ ಇರುವವರು ಅವರು.

ಮುರಕಲ್ಲು ಮೇಸ್ತ್ರಿ | ಬುಧವಾರ ರಾತ್ರಿ 8:40

ಮಳೆ ಪೂರ್ತಿ ಬಿಡುವ ಮೊದಲೇ ಒಂದು ಸಲ ಹೋಗೋಣ. ನೀರಿನ ದಾರಿ ಆಗಲೇ ಕಾಣುವುದು. ಮುಂದಿನ ಭಾನುವಾರ ನನಗೆ ಕೆಲಸ ಇಲ್ಲ. ಹಿತ್ತಲಲ್ಲಿ ಒಂದು ಮಣ್ಣಿನ ಹಂಡೆ ಸುಣ್ಣ ನೆನೆಸಿಡಲು ಶುರು ಮಾಡುತ್ತೇನೆ. ಅನುಮತಿ ಬರುವ ಹೊತ್ತಿಗೆ ಅದು ಹಣ್ಣಾಗಿರುತ್ತದೆ.

ಶಿರಿಯ ಕಡಲ ಬದಿಯವ | ಬುಧವಾರ ರಾತ್ರಿ 9:00

ಭಾನುವಾರ ಬೆಳಿಗ್ಗೆ ಇಳಿತ ಯಾವಾಗ ಅಂತ ಶನಿವಾರ ಹೇಳುತ್ತೇನೆ. ಅಳತೆ ಟೇಪು 50 ಮೀಟರಿನದ್ದು ನಮ್ಮ ದೋಣಿಯವರ ಹತ್ತಿರ ಇದೆ. ದೊಡ್ಡಪ್ಪನೂ ಬರುತ್ತೇನೆ ಅಂದರು. ಅವರ ಚಿಕ್ಕಂದಿನಲ್ಲಿ ನೀರು ಎಲ್ಲಿತ್ತು ಅಂತ ಅವರಿಗೆ ಗೊತ್ತು.

ಪುತ್ತಿಗೆಯ ಮೊಮ್ಮಗ | ಗುರುವಾರ ರಾತ್ರಿ 10:20

ಆರ್‌ಸಿ ಪುಸ್ತಕ ಸಿಕ್ಕಿತು. ಅಜ್ಜನ ಪಂಚೆಯ ಮಡಿಕೆಯ ಒಳಗೆ ಇತ್ತು. ಒಂದು ಮೂಲೆ ಗೆದ್ದಲು ತಿಂದಿದೆ, ಚಾಸಿ ನಂಬರು ಓದಲು ಬರುತ್ತದೆ. ಸಿಲಿಂಡರಿಗೆ ಎಣ್ಣೆ ಹಾಕಿ ಆಯಿತು. ಭಾನುವಾರ ಎಂಟು ಗಂಟೆಗೆ ಕೋಟೆ ಬಾಗಿಲಲ್ಲಿ ಇರುತ್ತೇನೆ. ಚಹಾ ಮತ್ತು ಗೋಳಿಬಜೆ ನಮ್ಮ ಮನೆಯಿಂದ.